ನಿಮ್ಮ ಜೋಳಿಗ್ಯಾಗ ಏನು ಬೀಳಬೇಕು?

ಭಾಗ 1: ಮೊದಲು ವಿಷಯಕ್ಕ ಬರ್ತೀನಿ

ಸೆಮಿನಾರ್ ಶುರು ಆಗ್ಯಾವು. ನಮ್ಮ ಕ್ಲಾಸಿನ ಅರ್ಧ ಮಂದಿಗೆ ಜಿಎಸ್‌ಟಿಗಿಂತ ಮೈಕಿನ ಅಂಜಿಕೆನ ಜಾಸ್ತಿ. ಹಿಂದಿನ ಪೋಸ್ಟಿಗೆ ಬಂದ ಮೆಸೇಜಿನೊಳಗ ಒಂದ ಪ್ರಶ್ನೆ ತಿರುಗಿ ತಿರುಗಿ ಬಂದೈತಿ: "ಕೆಲವರು ಸ್ಟೇಜ್ ಹತ್ತಿದ ಕೂಡ್ಲೆ ಎಲ್ಲಾರೂ ಸುಮ್ಮನಾಗಿ ನೋಡ್ತಾರ. ನಾವು ಹತ್ತಿದ್ರ ಮೊಬೈಲ್ ತಗೀತಾರ. ಯಾಕ?"

ಯೂಟ್ಯೂಬಿನಲ್ಲಿ ಇದಕ್ಕೆ ಬೇಕಾದಷ್ಟು ಉತ್ತರ ಸಿಗ್ತಾವು. ಎದೆ ಎತ್ತಿ ನಿಲ್ರಿ, ಕೈ ಹಿಂಗ ಆಡಿಸ್ರಿ, ದನಿ ಏರಿಸಿ ಇಳಿಸ್ರಿ, ಬ್ಲೇಜರ್ ಹಾಕ್ರಿ, ಕನ್ನಡಿ ಮುಂದ ನಗೋದು ಕಲೀರಿ. ಇವೆಲ್ಲ ತಪ್ಪು ಅಂತ ನಾ ಅನ್ನೋದಿಲ್ಲ. ಆದರೆ ಇದು ಅಂಗಡಿ ಮುಂದಿನ ಬೋರ್ಡು. ಗಿರಾಕಿ ನಿಲ್ಲೋದು ಒಳಗಿನ ಮಾಲು ನೋಡಿ.

ನನ್ನ ಅಭಿಪ್ರಾಯ ಇಷ್ಟು. ಎದುರಿಗೆ ಕೂತವರಿಂದ ತನಗೆ ಏನು ಬೇಕು ಅನ್ನೋದು ಪಕ್ಕಾ ಗೊತ್ತಿದ್ದವರ ಮಾತಿಗೆ ತೂಕ ಬರ್ತೈತಿ. ಹಂಗ ಕೇಳೋದು ಕೂತವರ ಒಳ್ಳೇದಕ್ಕ ಇದ್ರ ಆ ತೂಕ ಕಡೀತನಕ ಉಳೀತೈತಿ.

ಇದನ್ನ ಕಲಿಯಾಕ ಬೆಂಗಳೂರಿನ ಕೋರ್ಸು ಬೇಕಾಗಿಲ್ಲ. ನಮ್ಮ ಜಿಲ್ಲೆಯೊಳಗ ಒಂದು ಸುತ್ತು ಹಾಕಿದ್ರ ಸಾಕು. ಸೆಮಿನಾರಿನ ಅಂಕಕ್ಕಿಂತ ದೊಡ್ಡ ಕಾರಣ ಒಂದೈತಿ, ಅದನ್ನ ಕಡೀಕ ಹೇಳ್ತೀನಿ. ಮೊದಲು ಇಳಕಲ್ಲಿಗೆ ಹೋಗೋಣ ಬರ್ರಿ.

ಭಾಗ 2: ಜೋಳಿಗೆ ಹಿಡಿದ ಮಾತುಗಾರ

ಇಳಕಲ್ಲಿನ ಚಿತ್ತರಗಿ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಶಿವಯೋಗಿಗಳ ಬಗ್ಗೆ ನಿಮ್ಮ ಮನ್ಯಾಗಿನ ಹಿರಿಯರನ್ನ ಕೇಳ್ರಿ. 1975ರಲ್ಲಿ ಅವರು 'ಮಹಾಂತ ಜೋಳಿಗೆ' ಶುರು ಮಾಡಿದರು. ಸ್ವಾಮಿಗಳು ಜೋಳಿಗೆ ಹಿಡಿದು ಬಾಗಿಲಿಗೆ ಬಂದ್ರ ನಾವು ಏನು ಹಾಕ್ತೀವಿ? ಜೋಳ, ಅಕ್ಕಿ, ಇಲ್ಲಾಂದ್ರ ರೊಕ್ಕ. ಇವರು ಕೇಳಿದ್ದು ನಿಮ್ಮ ದುಶ್ಚಟ. ಬೀಡಿ, ಸಿಗರೇಟು, ಗುಟ್ಕಾ, ಕುಡಿತ, ಏನೈತೋ ಅದನ್ನ ಈ ಜೋಳಿಗೆಗೆ ಹಾಕ್ರಿ ಅಂತ ಊರೂರು ತಿರುಗಿದರು. 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ಅನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸುತ್ತಾರೆ.

ಭಕ್ತಿಯ ಮಾತು ಒಂದು ಕಡೆ ಇಡ್ರಿ. ಮಾತು ಕಲಿಯೋ ವಿದ್ಯಾರ್ಥಿಯಾಗಿ ಈ ಜೋಳಿಗೆಯನ್ನ ನೋಡ್ರಿ. ಮೂರು ವಿಷಯ ಕಾಣ್ತಾವು.

ಒಂದು, ಅವರು ಕೇಳಿದ್ದು ಒಂದೇ ಒಂದು. ಹತ್ತು ಉಪದೇಶ ಇಲ್ಲ. ಕೇಳಿದವರು ಮನಿಗೆ ಹೋಗಿ "ಅವರು ಏನಂದ್ರು?" ಅಂದ್ರ ಒಂದು ಉಸುರಿನಾಗ ಹೇಳಬಹುದು.

ಎರಡು, ಅದು ಕೇಳುವವನ ಜೇಬಿನಾಗ ಇರೋ ವಸ್ತು. "ಆರೋಗ್ಯವೇ ಭಾಗ್ಯ" ಅನ್ನೋ ಭಾಷಣಕ್ಕೆ ಚಪ್ಪಾಳೆ ತಟ್ಟಿ, ಹೊರಗ ಬಂದು ಗುಟ್ಕಾ ಚೀಟಿ ಹರಿಯಬಹುದು. ಅದರಾಗ ಏನೂ ತೊಂದರೆ ಇಲ್ಲ. ಆದರೆ ಎದುರಿಗೆ ಒಬ್ಬರು ಜೋಳಿಗೆ ಚಾಚಿ ನಿಂತಾಗ ಹೂಂ ಅನ್ನಬೇಕು, ಇಲ್ಲಾ ಊಹೂಂ ಅನ್ನಬೇಕು. ತಪ್ಪಿಸಿಕೊಳ್ಳಾಕ ಸಂದಿ ಇಲ್ಲ.

ಮೂರನೆಯದು ಭಾಳ ಮುಖ್ಯ. ಜೋಳಿಗೆಗೆ ಹಾಕಿದವನಿಗೇ ಲಾಭ. ಕೇಳಿದವರಿಗೆ ಅದರಿಂದ ಏನೂ ಸಿಗೋದಿಲ್ಲ. ಬಿಟ್ಟವನ ರೊಕ್ಕ ಉಳೀತು, ಅವನ ಮನಿ ಉಳೀತು. ಇದು ಕೂತವರಿಗೆ ಗೊತ್ತಾಗ್ತೈತಿ. ಮಾತಾಡೋರು ತಮ್ಮ ಸಲುವಾಗಿ ಮಾತಾಡ್ತಾರೋ ನಮ್ಮ ಸಲುವಾಗಿ ಮಾತಾಡ್ತಾರೋ ಅಂತ ನಮ್ಮ ಮಂದಿ ಎರಡು ನಿಮಿಷದಾಗ ಅಳೀತಾರ.

ಹಂಗಾಗಿ ಮೈಕ್ ಹಿಡಿಯೋ ಮೊದಲು ನಿಮ್ಮನ್ನ ನೀವು ಕೇಳ್ಕೊಳ್ಳಿ: ನನ್ನ ಜೋಳಿಗ್ಯಾಗ ಏನು ಬೀಳಬೇಕು? ಅದನ್ನ ಹಾಕಿದವರಿಗೆ ಏನು ಒಳ್ಳೇದು? ಈ ಎರಡಕ್ಕ ಉತ್ತರ ಇಲ್ಲ ಅಂದ್ರ ಭಾಷಣ ಇನ್ನೂ ತಯಾರಾಗಿಲ್ಲ.

ಭಾಗ 3: ಖಾಲಿ ಜೋಳಿಗೆ, ಉದ್ದ ಭಾಷಣ

ನಮ್ಮ ಕಾರ್ಯಕ್ರಮ ನೆನಪು ಮಾಡ್ಕೊಳ್ಳಿ. "ವೇದಿಕೆಯ ಮೇಲೆ ಆಸೀನರಾಗಿರುವ" ಅಂತ ಶುರುವಾದ್ರ ಹೆಸರು ಮುಗಿಯೋದ್ರಾಗ ಹಿಂದಿನ ಬೆಂಚು ರೀಲ್ಸ್‌ಗೆ ಹೋಗಿರ್ತೈತಿ. ಪ್ರತಿಯೊಬ್ಬ ಭಾಷಣಕಾರನೂ ಅದೇ ಪಟ್ಟಿ ಮತ್ತೊಮ್ಮೆ ಓದ್ತಾನ. ಆಮೇಲೆ ಒಂದು ಶಾಯರಿ, ವಾಟ್ಸಾಪಿನಿಂದ ಎತ್ತಿದ ಒಂದು ಕತಿ, "ಯುವಕರೇ ದೇಶದ ಬೆನ್ನೆಲುಬು" ಅನ್ನೋ ಮಾತು, ಚಪ್ಪಾಳೆ. ಏನು ಮಾಡಬೇಕು ಅಂತ ಯಾರೂ ಹೇಳಲಿಲ್ಲ. ಯಾರೂ ಏನೂ ಕೇಳಲಿಲ್ಲ.

ಉದ್ದ ಮಾತಾಡಿದ್ರ ಘನತೆ ಬರ್ತೈತಿ ಅನ್ನೋರು ಒಮ್ಮೆ ಬಾದಾಮಿಗೆ ಹೋಗಿ ಬರ್ರಿ. ಕೆರೆಯ ಮೇಲಿನ ಬಂಡೆಯೊಳಗ ಕಪ್ಪೆ ಅರಭಟ್ಟನ ಶಾಸನ ಐತಿ. ಕಾಲ ಸುಮಾರು ಕ್ರಿ.ಶ. 700. ಕೆತ್ತಿದ್ದು ಹತ್ತೇ ಹತ್ತು ಸಾಲು. ಕನ್ನಡದ ತ್ರಿಪದಿಗೆ ನಮಗೆ ಸಿಕ್ಕಿರೋ ಬಹಳ ಹಳೆಯ ಉದಾಹರಣೆ ಅದು. ಒಬ್ಬ ಮನುಷ್ಯ ಒಳ್ಳೆಯವರ ಜೊತೆ ಹೆಂಗಿದ್ದ, ಕೆಣಕಿದವರ ಜೊತೆ ಹೆಂಗಿದ್ದ ಅನ್ನೋದು ಅಷ್ಟರಾಗ ಮುಗೀತೈತಿ. ಅವ ಯಾವ ಊರಿನವ, ಎಷ್ಟು ಸಿರಿವಂತ ಅನ್ನೋ ಪಟ್ಟಿ ಇಲ್ಲ. 1300 ವರ್ಷ ಆದ ಮ್ಯಾಲೂ ಕನ್ನಡ ಓದೋರು ಅವನ ಸ್ವಭಾವದ ಬಗ್ಗೆ ಮಾತಾಡ್ತಾರ. ಹೋದ ವರ್ಷದ ಗ್ಯಾದರಿಂಗಿನ ಮುಖ್ಯ ಅತಿಥಿ ಏನು ಹೇಳಿದ್ರು, ನಿಮಗೆ ನೆನಪೈತೇನು?

ಕಲ್ಲಿನ ಮ್ಯಾಲೆ ಕೆತ್ತಬೇಕಾದ್ರ ಪ್ರತಿ ಅಕ್ಷರಕ್ಕೂ ಉಳಿಪೆಟ್ಟು ಬೀಳಬೇಕು, ಹಂಗಾಗಿ ಅವರು ಆರಿಸಿ ಬರೆದರು. ನಮಗ ಮೈಕ್ ಪುಕ್ಕಟೆ ಸಿಕ್ಕೈತಿ, ಹಂಗಾಗಿ ಸುರೀತೀವಿ. ನಿಮ್ಮ ಐದು ನಿಮಿಷದ ಮಾತನ್ನ ಕಲ್ಲಿಗೆ ಕೆತ್ತಬೇಕು ಅಂತ ತಿಳ್ಕೊಂಡು ಒಮ್ಮೆ ಓದಿ ನೋಡ್ರಿ. ಎಷ್ಟು ಸಾಲು ತಾವಾಗೇ ಉದುರ್ತಾವು!

ಭಾಗ 4: ನಮ್ಮ ಮಾತು ಸ್ಟೇಜಿಗೆ ನಡೀತೈತೇನು?

ನಮ್ಮ ಕಡೆ ಹುಡುಗ ಹುಡುಗೀರು ಕಟ್ಟಿ ಮ್ಯಾಲೆ ಕೂತಾಗ ಎಷ್ಟು ಛಲೋ ಮಾತಾಡ್ತಾರ! ನಗಸ್ತಾರ, ಜಗಳಾ ಬಿಡಸ್ತಾರ, ಸಿನೆಮಾದ ಕತಿ ಹೇಳಿ ಸಿನೆಮಾಕ್ಕಿಂತ ಛಂದ ಮಾಡ್ತಾರ. ಅದೇ ಮಂದಿ ಸ್ಟೇಜ್ ಹತ್ತಿದ್ರ "ನಾನು ಈ ದಿನ ತಮ್ಮ ಮುಂದೆ ಮಂಡಿಸಲಿಚ್ಛಿಸುವ" ಅಂತ ಶುರು ಮಾಡ್ತಾರ. ಮಾತು ಬದಲಾದ ಕೂಡ್ಲೆ ಮನುಷ್ಯನೂ ಬದಲಾಗಿ ಹೋಗ್ತಾನ. ಕೂತವರಿಗೆ ಯಾರೋ ಅಪರಿಚಿತ ನಿಂತಂಗ ಆಗ್ತೈತಿ.

ನಮ್ಮ ಹುನಗುಂದ ಸೀಮೆಯ ಕೂಡಲಸಂಗಮ ಬಸವಣ್ಣನವರು ಕಲಿತ ಜಾಗ, ಕಡೀಕ ಐಕ್ಯರಾದ ಜಾಗ. 12ನೇ ಶತಮಾನದಲ್ಲಿ ದೊಡ್ಡ ವಿಚಾರ ಅಂದ್ರ ಸಂಸ್ಕೃತದಾಗ ಹೇಳಬೇಕು ಅನ್ನೋ ಕಾಲ. ಅಂಥಾ ಹೊತ್ತಿನಾಗ ದೋಣಿ ನಡೆಸೋ ಅಂಬಿಗರ ಚೌಡಯ್ಯ, ಬಟ್ಟೆ ಮಡಿ ಮಾಡೋ ಮಾಚಿದೇವ, ಅಕ್ಕಿ ಆಯೋ ಲಕ್ಕಮ್ಮ, ತಮ್ಮ ಕೆಲಸದ ಮಾತಿನಾಗ, ಕನ್ನಡದಾಗ, ಎಲ್ಲಾರ ಮುಂದ ಮಾತಾಡಿದರು. ಆಯ್ದಕ್ಕಿ ಲಕ್ಕಮ್ಮನ ಕತಿ ಗೊತ್ತಲ್ಲ? ಗಂಡ ಮಾರಯ್ಯ ಒಂದು ದಿನ ಬೇಕಾಗಿದ್ದಕ್ಕಿಂತ ಹೆಚ್ಚು ಅಕ್ಕಿ ತಂದ. ಇದು ನಮಗೆ ಬೇಡ, ಎಲ್ಲಿಂದ ತಂದೀರೋ ಅಲ್ಲೇ ಸುರಿದು ಬರ್ರಿ ಅಂತ ಆಕೆ ಹೇಳಿದಳು. ಮಾರಯ್ಯ ತಿರುಗಿ ಹೋದ. ಆಕೆ ಕೈಯಾಗ ಮೈಕೂ ಇಲ್ಲ, ಪದವಿನೂ ಇಲ್ಲ. ಆದರೆ ಏನು ಬೇಕು ಅನ್ನೋದು ಪಕ್ಕಾ ಇತ್ತು, ಆಕೆ ಹೇಳಿದಂಗ ಬದುಕ್ತಿದ್ದಳು. ಎಂಟು ನೂರು ವರ್ಷದ ಮ್ಯಾಲೂ ಆ ದನಿ ಕೇಳಸ್ತೈತಿ.

"ಹಂಗಾದ್ರ ಕ್ಯಾಂಪಸ್ ಇಂಟರ್‌ವ್ಯೂದಾಗ ಬಾಗಲಕೋಟೆ ಕನ್ನಡ ಮಾತಾಡೋದೇನು?" ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಇಂಗ್ಲಿಷ್ ಬೇಕು, ಕಲೀಲೇಬೇಕು. ಅದು ನೌಕರಿಯ ಬಾಗಿಲ ಕೀಲಿ. ಆದರೆ ಇಂಗ್ಲಿಷ್ ಬರೋದು ಬೇರೆ, ಮಾತಿನಾಗ ಹುರುಳಿರೋದು ಬೇರೆ. ಎರಡನ್ನೂ ಕಲಸಿಬಿಟ್ಟು, ಇಂಗ್ಲಿಷ್ ಬರಲ್ಲ ಅಂತ ಬಾಯೇ ತೆರೆಯದ ಜಾಣರು ನಮ್ಮ ಕ್ಲಾಸಿನಾಗ ಎಷ್ಟು ಮಂದಿ ಇಲ್ಲ? ಮೊದಲು ನಿಮ್ಮ ಮಾತಿನಾಗ ಹುರುಳು ಕಟ್ರಿ. ಆಮೇಲೆ ಯಾವ ಭಾಷೆಗಾದ್ರೂ ಒಯ್ಯಬಹುದು.

ಸೆಮಿನಾರಿಗೇ ಒಂದು ಉದಾಹರಣೆ ತಗೊಳ್ರಿ. ವಿಷಯ: ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್. "2017ರ ಜುಲೈ 1ರಂದು ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯು" ಅಂತ ಶುರು ಮಾಡಿದ್ರ ಕ್ಲಾಸು ಮಲಗ್ತೈತಿ. ಇದನ್ನ ನೋಡ್ರಿ: "ಇಳಕಲ್ಲಿನ ಒಬ್ಬ ಸೀರಿ ವ್ಯಾಪಾರಿ ನೂಲು ಕೊಂಡಾಗ ಒಮ್ಮೆ ತೆರಿಗೆ ಕೊಟ್ಟಾನ. ಸೀರಿ ಮಾರಿದಾಗ ಮತ್ತೆ ತೆರಿಗೆ ಕಟ್ಟಬೇಕು. ಹಂಗಾದ್ರ ಎರಡು ಸಲ ಕಟ್ಟಿದಂಗ ಆಗಲಿಲ್ಲೇನು?" ಈಗ ತಲೆ ಎತ್ತಿ ನೋಡ್ತಾರ. ಮೊದಲು ಕೊಟ್ಟಿದ್ದನ್ನ ಆಮೇಲಿನ ತೆರಿಗೆಯಲ್ಲಿ ಮುರ್ಕೊಳ್ಳೋ ಲೆಕ್ಕನ ಈ ಕ್ರೆಡಿಟ್ಟು ಅಂತ ಹೇಳಿದ್ರ ಸೆಮಿನಾರಿನ ಅರ್ಧ ಕೆಲಸ ಮುಗೀತು. ನಿಮ್ಮ ಜೋಳಿಗ್ಯಾಗ ಬೀಳಬೇಕಾದದ್ದು ಇಷ್ಟ: ಕ್ಲಾಸ್ ಮುಗಿದ ಮ್ಯಾಲೆ ಪ್ರತಿಯೊಬ್ಬರಿಗೂ ಈ ಲೆಕ್ಕ ಮಾಡಾಕ ಬರಬೇಕು.

ಭಾಗ 5: ಕಡೀ ಸಾಲಿನವರಿಗೆ ಕೇಳಬೇಕು

ದನಿಯ ಬಗ್ಗೆ ಏನೂ ಹೇಳೋದಿಲ್ಲ ಅಂತ ತಿಳೀಬ್ಯಾಡ್ರಿ. ಹೇಳೋದೈತಿ.

ಬನದ ಹುಣ್ಣಿಮೆಗೆ ಬಾದಾಮಿ ಹತ್ರ ಬನಶಂಕರಿ ಜಾತ್ರಿ ಆಗ್ತೈತಿ. ತೇರಿನ ಜೊತೆಗೆ ಆ ಜಾತ್ರಿ ಹೆಸರಾಗಿರೋದು ನಾಟಕ ಕಂಪನಿಗಳಿಗೆ. ವಾರಗಟ್ಟಲೆ ಟೆಂಟ್ ಹಾಕಿ ರಾತ್ರಿಯೆಲ್ಲಾ ಆಡ್ತಾರ. ಮುಂದಿನ ಸಲ ಹೋದಾಗ ಕತಿ ಬಿಟ್ಟು ಕಲಾವಿದರ ಮಾತಿನ ರೀತಿ ಅಷ್ಟ ನೋಡ್ರಿ. ಹೊರಗ ತೊಟ್ಟಿಲು, ಪೀಪಿ, ಮಿಠಾಯಿ ಅಂಗಡಿ ಗದ್ದಲ. ಒಳಗ ಹಿಂದಿನ ಕುರ್ಚಿಯ ಅಜ್ಜನಿಗೂ ಡೈಲಾಗ್ ಮುಟ್ಟಬೇಕು.

ಅವರು ಬರೀ ಒದರೋದಿಲ್ಲ. ಸಾಲಿನ ಕಡೀ ಪದವನ್ನ ನುಂಗೋದಿಲ್ಲ. ನಾವು ಮಾಡೋ ದೊಡ್ಡ ತಪ್ಪು ಇದು: ಸಾಲು ಜೋರಾಗಿ ಶುರು ಮಾಡಿ ಕಡೀಕ ಪಿಸುಗುಡ್ತೀವಿ. ಕನ್ನಡದಾಗ ಕ್ರಿಯಾಪದ ಇರೋದು ಕಡೀಕ. "ಮಾಡಿದ" ಅಂದ್ರೋ "ಮಾಡಲಿಲ್ಲ" ಅಂದ್ರೋ ಅನ್ನೋದನ್ನ ನುಂಗಿದ್ರ ಅರ್ಥನ ನುಂಗಿದಂಗ.

ಇನ್ನೊಂದು ನೋಡ್ರಿ. ಮಂದಿ ನಕ್ಕಾಗ ಕಲಾವಿದ ಕಾಯ್ತಾನ. ನಗು ಇಳಿದ ಮ್ಯಾಲೆ ಮುಂದಿನ ಮಾತು. ಅವ ಬಾಯಿಪಾಠ ಒಪ್ಪಿಸಾಕ ಬಂದಿಲ್ಲ, ಎದುರಿನವರ ಜೊತೆ ಮಾತಾಡಾಕ ಬಂದಾನ. ನೀವೂ ಒಂದು ಪ್ರಶ್ನೆ ಕೇಳಿದ್ರ ಎರಡು ಕ್ಷಣ ಸುಮ್ಮನಿರ್ರಿ. ಆ ಮೌನ ನಿಮಗೆ ಒಂದು ವರ್ಷ ಅನ್ನಸ್ತೈತಿ. ಕೂತವರಿಗೆ ಅದು ವಿಚಾರ ಮಾಡಾಕ ಸಿಕ್ಕ ಜಾಗ.

ಭಾಗ 6: ಕೊಂಡಿ ಹಾಕೋದು

ಇಳಕಲ್ ಸೀರಿ ಉಟ್ಟೋರು ನಿಮ್ಮ ಮನ್ಯಾಗ ಇದ್ರ ಒಮ್ಮೆ ಸೆರಗು ಶುರುವಾಗೋ ಜಾಗ ಕೈಲೆ ಮುಟ್ಟಿ ನೋಡ್ರಿ. ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ನೇಕಾರರು ಎರಡರ ಎಳೆಗಳನ್ನ ಕೊಂಡಿ ಹಾಕಿ ಕೂಡಸ್ತಾರ. ಪ್ರತಿ ಸೀರಿಗೂ ಈ ಕೆಲಸ ಆಗಬೇಕು. ಕೊಂಡಿ ಸಡಿಲಾದ್ರ ಒಡಲು ಎಷ್ಟೇ ಛಂದ ಇರಲಿ, ಸೆರಗು ಎಷ್ಟೇ ಕೆಂಪಿರಲಿ, ಸೀರಿ ನಿಲ್ಲೋದಿಲ್ಲ.

ನಮ್ಮ ಭಾಷಣ ಹರಿಯೋದು ಇಲ್ಲೇ. ಒಂದು ವಿಷಯದಿಂದ ಇನ್ನೊಂದಕ್ಕೆ "ಮತ್ತು", "ಅದೇ ರೀತಿ", "ಇನ್ನು" ಅಂತ ಜಿಗೀತೀವಿ. ಮೊದಲನೇದಕ್ಕೂ ಎರಡನೇದಕ್ಕೂ ಏನು ಸಂಬಂಧ? ಅದನ್ನ ಒಂದು ಸಾಲಿನಾಗ ಬಾಯಿಬಿಟ್ಟು ಹೇಳ್ರಿ. ತಯಾರಿ ಮಾಡುವಾಗ ಇಡೀ ಭಾಷಣ ಬರೀಬ್ಯಾಡ್ರಿ. ಮೊದಲ ಸಾಲು, ಕಡೀ ಸಾಲು, ನಡುವಿನ ಎರಡೋ ಮೂರೋ ಕೊಂಡಿ, ಇಷ್ಟ ಬರ್ಕೊಳ್ರಿ. ಉಳಿದದ್ದು ಬಾಯಿಲೆ ಬರ್ತೈತಿ, ಯಾಕಂದ್ರ ಏನು ಬೇಕು ಅನ್ನೋದು ನಿಮಗೆ ಗೊತ್ತೈತಿ.

ಭಾಗ 7: ಕಾಲು ನಡುಗ್ತಾವಲ್ಲ, ಅದಕ್ಕ?

ನಡುಗಲಿ ಬಿಡ್ರಿ.

ಗಾಂಧೀಜಿ ಲಂಡನ್ನಿನಲ್ಲಿ ಓದುವಾಗ ಸಸ್ಯಾಹಾರಿಗಳ ಸಭೆಯಲ್ಲಿ ಬರೆದುಕೊಂಡು ಹೋದದ್ದನ್ನೂ ಓದಲಾಗದೆ, ಬೇರೆಯವರ ಕೈಲಿ ಓದಿಸಿದವರು. ಬ್ಯಾರಿಸ್ಟರ್ ಆಗಿ ಬಂದು ಮುಂಬಯಿ ಕೋರ್ಟಿನಲ್ಲಿ ಮೊದಲ ಕೇಸಿಗೆ ಎದ್ದು ನಿಂತಾಗ ತಲೆ ತಿರುಗಿ ಕೂತುಬಿಟ್ಟರು. ಇದನ್ನೆಲ್ಲ ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಈ ಸಂಕೋಚದಿಂದ ಮಾತನ್ನ ಅಳೆದು ಆಡೋದು ಕಲಿತೆ ಅಂತಲೂ ಹೇಳಿದ್ದಾರೆ. ಅದೇ ಮನುಷ್ಯ 1924ರಲ್ಲಿ ನಮ್ಮ ಪಕ್ಕದ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದರು.

ನಡುವೆ ಏನಾತು? ದಕ್ಷಿಣ ಆಫ್ರಿಕಾದಲ್ಲಿ ಅವರಿಗೆ ಕೇಳಬೇಕಾದದ್ದು ಸಿಕ್ಕಿತು. ಬೇರೆಯವರ ಸಲುವಾಗಿ ನಿಂತಾಗ ತನ್ನ ಕಾಲು ನಡುಗೋದರ ಕಡೆ ಲಕ್ಷ್ಯ ಕಡಿಮೆ ಆಗ್ತೈತಿ. ಅಂಜಿಕೆ ಅಂದ್ರ ಬಹುತೇಕ "ನಾ ಹೆಂಗ ಕಾಣ್ತೀನಿ" ಅನ್ನೋ ಚಿಂತೆ. ಆ ಲಕ್ಷ್ಯವನ್ನ "ಇವರಿಗೆ ಇದು ಮುಟ್ಟಿತೋ ಇಲ್ಲೋ" ಅನ್ನೋದಕ್ಕ ತಿರುಗಿಸಿದ್ರ ಅಂಜಿಕೆ ಪೂರಾ ಹೋಗೋದಿಲ್ಲ, ಆದರೆ ಮೂಲ್ಯಾಗ ಕೂತು ಸುಮ್ಮನಿರ್ತೈತಿ.

ಕ್ಲಾಸಿನಾಗ ಯಾರಾದ್ರೂ ತಡವರಿಸಿದಾಗ ನಗೋ ಮಂದಿಗೆ ಒಂದು ಮಾತು. ನಿಮ್ಮ ಆ ಒಂದು ನಗು ಇನ್ನೊಬ್ಬರ ಮೂರು ವರ್ಷದ ಬಾಯಿ ಮುಚ್ಚಸ್ತೈತಿ. ಕೇಳೋದೂ ಒಂದು ಜವಾಬ್ದಾರಿ.

ಭಾಗ 8: ಅಂಕಕ್ಕಿಂತ ದೊಡ್ಡದು

ಈಗ ಕಡೀಕ ಹೇಳ್ತೀನಿ ಅಂದಿದ್ದ ಕಾರಣ.

ನಮ್ಮದು ಮುಳುಗಡೆ ಜಿಲ್ಲೆ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಓಣಿಗಳು ಹೋದವು, ನವನಗರ ಬಂತು. ಈಗ ಜಲಾಶಯದ ಎತ್ತರ 519.60 ಮೀಟರಿನಿಂದ 524.256 ಮೀಟರಿಗೆ ಏರಿಸೋ ಯೋಜನೆ ಐತಿ. ಅಂದ್ರ ಇನ್ನೂ ಹೊಲ, ಇನ್ನೂ ಊರು. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಸಾಮಾಜಿಕ ಪರಿಣಾಮದ ಅಧ್ಯಯನ ಮಾಡುವಾಗ ಸಾರ್ವಜನಿಕ ವಿಚಾರಣೆ ನಡೆಸಬೇಕು ಅಂತ ಐತಿ. ನಮ್ಮ ಪಂಚಾಯತ್ ಕಾನೂನಿನ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು. ಅಂದ್ರ ಕಾನೂನು ಮೈಕನ್ನ ನಮ್ಮ ಮುಂದ ತಂದಿಟ್ಟೈತಿ. ಹಿಡಿಯೋರು ಯಾರು?

ನೀವೂ ನೋಡಿರ್ತೀರಿ. ಊರಿನ ಸಭೆಯೊಳಗ ನಾಕು ಮಂದಿ ಮಾತಾಡ್ತಾರ. ಅವರಿಗೆ ಮಾತಾಡಿ ರೂಢಿ. ಅವರ ಓಣಿಗೆ ಗಟಾರು ಬರ್ತೈತಿ, ಅವರ ಹೆಸರು ಪಟ್ಟಿಯೊಳಗ ಇರ್ತೈತಿ. ಹೊಲ ಕಳ್ಕೊಳ್ಳೋ ಕಾಕಾ ಹಿಂದ ಕಂಬಕ್ಕ ಆತು ಕೂತಿರ್ತಾನ. ನೀರಿಗೆ ಕೊಡ ಹೊತ್ತು ಸುಸ್ತಾದ ಅಕ್ಕ ಸೆರಗಿನಾಗ ಬಾಯಿ ಮುಚ್ಚಿ ಪಕ್ಕದವಳ ಕಿವಿಯಾಗ ಹೇಳ್ತಾಳ. ಅಲ್ಲಿ ಖರೇ ವಿಷಯ ಗೊತ್ತಿರೋದು ಇವರಿಗೇ. ಆದರೆ ನಡಾವಳಿ ಪುಸ್ತಕದಾಗ ಇವರ ಮಾತು ಬರೋದೇ ಇಲ್ಲ.

ನಾವು ಡಿಗ್ರಿ ಓದಾಕತ್ತೀವಿ. ಲೆಡ್ಜರ್ ಬರ್ತೈತಿ, ಬಡ್ಡಿ ಲೆಕ್ಕ ಬರ್ತೈತಿ, ಬಜೆಟ್ ಓದಾಕ ಬರ್ತೈತಿ. ನಮ್ಮೂರಿನ ಸಭೆಯೊಳಗ ಎದ್ದು ನಿಂತು, "ಈ ಕೆಲಸಕ್ಕ ಎಷ್ಟು ರೊಕ್ಕ ಬಂತು, ಎಷ್ಟು ಖರ್ಚಾತು, ಬಿಲ್ ತೋರಸ್ರಿ" ಅಂತ ಮೂರು ವಾಕ್ಯ ಸಮಾಧಾನದಿಂದ ಕೇಳಾಕ ಬಂದ್ರ ಸಾಕು. ಶಾಯರಿ ಬೇಕಿಲ್ಲ, ಬ್ಲೇಜರ್ ಬೇಕಿಲ್ಲ. ಆ ದಿನ ಇಡೀ ಸಭೆ ನಿಮ್ಮ ಕಡೆ ತಿರುಗಿ ನೋಡ್ತೈತಿ. ಅದಕ್ಕ ಇಂಗ್ಲಿಷಿನಾಗ ಸ್ಟೇಜ್ ಪ್ರೆಸೆನ್ಸ್ ಅಂತಾರೋ ಏನಂತಾರೋ, ನಮ್ಮ ಕಡೆ "ಅವನ ಮಾತಿಗೆ ತೂಕ ಐತಿ" ಅಂತಾರ.

ಮತ್ತ ಒಂದು. ನೀವು ಮಾತಾಡಿ ಕೂತ ಮ್ಯಾಲೆ ಮೈಕನ್ನ ಆ ಹಿಂದಿನ ಕಾಕಾನ ಕಡೆ, ಆ ಅಕ್ಕನ ಕಡೆ ಒಯ್ರಿ. "ನೀವ ಹೇಳ್ರಿ, ನಾವು ಅದೀವಿ" ಅನ್ರಿ. ಅವರ ಬದಲಿಗೆ ನಾವ ಮಾತಾಡೋದು ಸುಲಭ. ಆದರೆ ಹೊಲ ಅವರದು, ಕೊಡ ಅವರದು. ಅವರ ಬಾಯಿಂದ ಬಂದ ಒಂದು ಸಾಲಿಗೆ ಇರೋ ತೂಕ ನಮ್ಮ ಹತ್ತು ಸಾಲಿಗೆ ಇರೋದಿಲ್ಲ.

ಭಾಗ 9: ಈ ವಾರದ ಕೆಲಸ

ಇಷ್ಟು ಓದಿದ್ರಲ್ಲ, ಈಗ ಸೇವ್ ಮಾಡಿ ಮರ್ತುಬಿಡಬ್ಯಾಡ್ರಿ. ಮೂರು ಸಣ್ಣ ಕೆಲಸ.

ಒಂದು: ನಿಮ್ಮ ಸೆಮಿನಾರಿನ ವಿಷಯ ತಗೊಂಡು ಒಂದೇ ಸಾಲು ಬರೀರಿ. "ನನ್ನ ಮಾತು ಮುಗಿದ ಮ್ಯಾಲೆ ಇವರು ________ ಮಾಡಬೇಕು." ಖಾಲಿ ಜಾಗ ತುಂಬಾಕ ಆಗಲಿಲ್ಲ ಅಂದ್ರ ಸ್ಲೈಡ್ ಮಾಡಾಕ ಕೂಡಬ್ಯಾಡ್ರಿ.

ಎರಡು: ಅದೇ ವಿಷಯವನ್ನ ಮನ್ಯಾಗ ಅವ್ವಗ ಇಲ್ಲಾ ಅಜ್ಜಗ ಎರಡು ನಿಮಿಷ ಹೇಳ್ರಿ. ಅವರು ತಿರುಗಿ ಒಂದು ಪ್ರಶ್ನೆ ಕೇಳಿದ್ರ ನಿಮ್ಮ ಮಾತು ಮುಟ್ಟೈತಿ. "ಹೂಂ ಹೂಂ, ಉಂಡು ಮಲಕ್ಕೋ" ಅಂದ್ರ ಮತ್ತೊಮ್ಮೆ ತಯಾರಿ ಮಾಡ್ರಿ.

ಮೂರು: ನಿಮ್ಮೂರಿನ ಮುಂದಿನ ಗ್ರಾಮಸಭೆ ಯಾವಾಗ ಅಂತ ಪಂಚಾಯತಿಯಲ್ಲಿ ಕೇಳ್ಕೊಂಡು ಬರ್ರಿ. ಈ ಸಲ ಹೋಗಿ ಕೂಡ್ರಿ ಸಾಕು. ಮುಂದಿನ ಸಲ ಏಳೋದು ಇರ್ತೈತಿ.

ನನ್ನ ಜೋಳಿಗ್ಯಾಗ ಬೀಳಬೇಕಾದದ್ದು ಲೈಕ್ ಅಲ್ಲ. ಒಂದನೇ ಕೆಲಸದ ಆ ಒಂದು ಸಾಲನ್ನ ಕಮೆಂಟಿನಾಗ ಹಾಕ್ರಿ. ಒಂದೊಂದನ್ನೂ ಓದ್ತೀನಿ.

#ಬಾಗಲಕೋಟೆ #ಇಳಕಲ್ #ಬಾದಾಮಿ #ಹುನಗುಂದ #ಮಾತಿಗೆತೂಕ #ಬಿಕಾಂಮಂದಿ